ಕುಂದಾಪುರದಲ್ಲಿ ರೈಲು ಹತ್ತಿದ ಹುಡುಗ

ಮಾಟುಂಗ, ಮುಂಬಯಿ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿಯ 112 ಪುಟಗಳನ್ನೂ ಓದಿದೆ, ಜೊತೆಗಿದ್ದ ಚೀಟಿಯನ್ನೂ ಓದಿದೆ. ‘ಇಲ್ಲಿಗೆ ನಿಂತುಬಿಟ್ಟಿದೆ ಸಾರ್, ನನ್ನ ಕೈಲಾಗುವ ಕೆಲಸ ಅಲ್ಲವೇನೋ’ ಅಂತ ಬರೆದಿದ್ದೀಯ. ಕೈಲಾಗದವರು ಹೀಗೆ ಬರೆಯುವುದಿಲ್ಲ. ರಾತ್ರಿ ಹೋಟೆಲಿನ ಮೇಜುಗಳನ್ನು ಜೋಡಿಸಿ, ಅದರ ಮೇಲೇ ಮಲಗಿ, ಫ್ಯಾನಿನ ರೆಕ್ಕೆ ಎಣಿಸುವ ಆ ಹುಡುಗ ನನ್ನನ್ನು ಬಿಟ್ಟಿಲ್ಲ. ಪಾತ್ರ ಬೆಳೆಸುವುದು ಹೇಗೆ, ಅಧ್ಯಾಯ ಒಡೆಯುವುದು ಎಲ್ಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಗಲ್ಲಿಗೊಬ್ಬರಿದ್ದಾರೆ, ನನ್ನನ್ನು ಬಿಟ್ಟುಬಿಡು.

ನನ್ನ ತಕರಾರು ಬೇರೆ. 1982ರ ಜನವರಿಯಲ್ಲಿ ನಿನ್ನ ಹುಡುಗ ಕುಂದಾಪುರದಲ್ಲಿ ರೈಲು ಹತ್ತುತ್ತಾನೆ. ಕೊಂಕಣ ರೈಲ್ವೆಯ ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26ಕ್ಕೆ. ಇಲ್ಲದ ಪ್ಲಾಟ್‌ಫಾರ್ಮಿನಲ್ಲಿ ಪಾಪ, ಹದಿನಾರು ವರ್ಷ ಕಾಯಬೇಕು ಅವನು. ಇಳಿಯುವುದೋ ‘ಛತ್ರಪತಿ ಶಿವಾಜಿ ಟರ್ಮಿನಸ್’ನಲ್ಲಿ, ಆ ಹೆಸರು ಬಂದದ್ದು 1996ರಲ್ಲಿ. ಆಗ ಅದು ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್, ಹಳಬರ ಬಾಯಲ್ಲಿ ಬೋರಿಬಂದರು. ಇಲ್ಲಿನ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದ ಜನವರಿ 18 ನಿನ್ನ ಪ್ರಕಾರ ಭಾನುವಾರ. ಅದು ಸೋಮವಾರ.

ಸಣ್ಣಪುಟ್ಟ ತಪ್ಪು, ಅಚ್ಚಿಗೆ ಹೋಗುವಾಗ ಯಾರಾದರೂ ತಿದ್ದುತ್ತಾರೆ ಅಂದುಕೊಳ್ಳಬೇಡ. ಯಾರೂ ತಿದ್ದುವುದಿಲ್ಲ. ಅದೂ ಅಲ್ಲದೆ ನಿನ್ನ ಕತೆ ಕಾಲು ಮುರಿದುಕೊಂಡದ್ದು ಇಲ್ಲಿಯೇ. ಬಸ್ಸಿನಲ್ಲಿ ಬಂದಿದ್ದರೆ ಪಕ್ಕದ ಸೀಟಿನಲ್ಲಿ ಯಾರೋ ಕೂರುತ್ತಿದ್ದರು, ನಡುರಾತ್ರಿ ಎಲ್ಲೋ ಊಟಕ್ಕೆ ನಿಲ್ಲಿಸುತ್ತಿದ್ದರು. ನಿನ್ನ ರೈಲಿನಲ್ಲಿ ಅವನೊಬ್ಬನೇ. ಸುಮಾರು ಎರಡೂವರೆ ಲಕ್ಷ ಕೆಲಸಗಾರರ ಸಂಬಳ ನಿಂತಾಗ ಪರೇಲಿನ ಹೋಟೆಲಿನಲ್ಲಿ ಪಾಳಿ ಬಿಟ್ಟು ಬರುವವರ ಚಾ ಯಾರು ಕುಡಿದರು, ಗಲ್ಲಾಪೆಟ್ಟಿಗೆಯ ಪಕ್ಕದ ಉದ್ರಿ ಪುಸ್ತಕಕ್ಕೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ಹಾಗಾಗಿ 112ನೇ ಪುಟದಲ್ಲಿ ಅವನು ಕಿಟಕಿಯಾಚೆ ನೋಡುತ್ತ ನಿಂತಿದ್ದಾನೆ.

ಲೈಬ್ರರಿಗೆ ವಾರವಾರ ಹೋಗುತ್ತೇನೆ, ಎರಡು ಕಾದಂಬರಿ ತರುತ್ತೇನೆ ಅಂತ ಹೆಮ್ಮೆಯಿಂದ ಬರೆದಿದ್ದೀಯ. ಎಡವಟ್ಟಾದದ್ದು ಅಲ್ಲಿಯೇ. ನಮ್ಮ ಕತೆಗಾರರೆಲ್ಲ ಕತೆಯ ಕಪಾಟಿನ ಮುಂದೆಯೇ ಠಿಕಾಣಿ ಹೂಡುತ್ತಾರೆ; ಆಮೇಲೆ ಒಬ್ಬರ ಹೋಟೆಲಿನ ಇಡ್ಲಿ ಇನ್ನೊಬ್ಬರ ಕತೆಯಲ್ಲಿ ಮೂರನೇ ಸಲ ಬೇಯುತ್ತದೆ. ವಿಷಯಕ್ಕೊಂದು ಡ್ಯೂಯಿ ಅಂಕಿ ಹಾಕಿ ಪುಸ್ತಕ ಜೋಡಿಸುವ ಲೈಬ್ರರಿಯಲ್ಲಿ ಕನ್ನಡ ಸಾಹಿತ್ಯ 894.814, ಕೊನೆಗೆ 3 ಸೇರಿದರೆ ಕತೆ, ಕಾದಂಬರಿ. ಆರು ತಿಂಗಳು ಆ ಕಡೆ ತಲೆ ಹಾಕಬೇಡ. 647.95ಕ್ಕೆ ಹೋಗು, ಹೋಟೆಲು ನಡೆಸುವ ಪುಸ್ತಕಗಳು ಅಲ್ಲಿವೆ. ಬಟ್ಟೆ ಗಿರಣಿ 677, ಕಾರ್ಮಿಕರು 331, ಅದರಲ್ಲೇ ಮುಷ್ಕರ 331.892, ರೈಲು 385. ಪುಸ್ತಕ ಕೈಗೆ ಬಂದಾಗ ಹಿಂದಿನಿಂದ ತೆರೆ: ಮೊದಲು ಪದಸೂಚಿ, ಆಮೇಲೆ ಆಧಾರಗ್ರಂಥಗಳ ಪಟ್ಟಿ, ಕೊನೆಗೆ ಪರಿವಿಡಿ. ಹತ್ತು ನಿಮಿಷದಲ್ಲಿ ನಿನಗೆ ಬೇಕಾದ ನಾಲ್ಕು ಪುಟ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಕೆಟಲಾಗಿನಲ್ಲಿ ಇದೆ, ಕಪಾಟಿನಲ್ಲಿ ಇಲ್ಲ ಅಂತ ವಾಪಸು ಬರುವವರೇ ಹೆಚ್ಚು. ಎಡಬಲದ ಎರಡೆರಡು ಸಾಲು, ಮೇಲಿನ ಹಲಗೆ, ಕೆಳಗಿನ ಹಲಗೆ ನೋಡು. 814 ಅನ್ನುವುದು 841 ಆಗಿ ಬೇರೆ ಕಡೆ ಕೂತಿರುತ್ತದೆ. ವಾಪಸು ಬಂದ ಪುಸ್ತಕಗಳ ಮೇಜನ್ನು ಮರೆಯಬೇಡ. ಈ ಊರಿನಲ್ಲಿ ಇನ್ನೊಂದು ತೊಡಕಿದೆ. ಪುಸ್ತಕ ಜೋಡಿಸುವವರಿಗೆ ಕನ್ನಡ ಬರದಿದ್ದರೆ ಅವರು ನೋಡುವುದು ಬೆನ್ನಿಗೆ ಅಂಟಿಸಿದ ಚೀಟಿಯನ್ನು ಮಾತ್ರ. ಚೀಟಿ ಉದುರಿದರೆ ಆ ಪುಸ್ತಕ ಇದ್ದೂ ಇಲ್ಲ. ಅಂಥದ್ದು ಕಂಡರೆ ಕೌಂಟರಿಗೆ ಒಯ್ದು ಕೊಡು. ಹುಡುಕುವಾಗ ಹೆಸರನ್ನು ನಾಲ್ಕು ಬಗೆಯಲ್ಲಿ ಹುಡುಕಬೇಕು: ಕುವೆಂಪು ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಪುಟ್ಟಪ್ಪ. ರೋಮನ್ ಅಕ್ಷರದಲ್ಲಿ ಟೈಪು ಮಾಡಿದವರು ದೀರ್ಘವನ್ನು ನುಂಗಿರುತ್ತಾರೆ, ಎಲ್ಲೋ ಒಂದು ‘ಹೆಚ್’ ಸೇರಿಸಿರುತ್ತಾರೆ.

ಗ್ಯಾಸೆಟಿಯರಿನಲ್ಲಿ, ಅಂದರೆ ಸರ್ಕಾರ ಅಚ್ಚು ಹಾಕಿಸಿದ ಜಿಲ್ಲೆಯ ವಿವರದ ಪುಸ್ತಕದಲ್ಲಿ, ಕುಂದಾಪುರ ಸಿಗಲಿಲ್ಲ ಅಂದಿದ್ದೀಯ. ಸಿಗುವುದಿಲ್ಲ. ಬೊಂಬಾಯಿ ಪ್ರೆಸಿಡೆನ್ಸಿಯ 15ನೇ ಸಂಪುಟ, 1883ರದ್ದು, ಮೇಲೆ ‘ಕೆನರಾ’ ಅಂತ ಇದ್ದರೂ ಅದು ಉತ್ತರ ಕನ್ನಡ ಮಾತ್ರ. 1862ರಲ್ಲಿ ಆ ಜಿಲ್ಲೆ ಬೊಂಬಾಯಿಗೆ ಬಂತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ನಿನಗೆ ಬೇಕಾದದ್ದು ಮದ್ರಾಸಿನವರ ಸೌತ್ ಕೆನರಾ ಮ್ಯಾನ್ಯುಯಲ್, ಮೊದಲ ಸಂಪುಟ 1894ರದ್ದು. ಹುಡುಗ ಕುಮಟೆಯವನೋ ಧಾರವಾಡದವನೋ ಆಗಿದ್ದರೆ ಈ ಊರೇ ನಿನ್ನ ಕಣಜ: 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ಕಾಗದಗಳೆಲ್ಲ ಇತ್ತಲೇ ಬರುತ್ತಿದ್ದವು.

ಇನ್ನು ನಿನ್ನ ಹೋಟೆಲು. ಅದಕ್ಕೆ ದೊಡ್ಡ ಲೈಬ್ರರಿ ಬೇಡ. ಈ ಊರಿನ ನಮ್ಮ ಕನ್ನಡ ಸಂಘಗಳ ಪುಸ್ತಕದ ಕೋಣೆಗಳಲ್ಲಿ, ಅಟ್ಟದ ಮೇಲೆ, ಸುತಳಿ ಕಟ್ಟಿದ ಗಂಟುಗಳಿರುತ್ತವೆ: ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗಳು. ಅವಕ್ಕೆ ನಂಬರು ಹಾಕಿರುವುದಿಲ್ಲ, ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಬಾಯಿ ಬಿಟ್ಟು ಕೇಳಿದರೆ ಮಾತ್ರ ಇಳಿಸಿ ಕೊಡುತ್ತಾರೆ. ಅಧ್ಯಕ್ಷರ ಮಾತು, ಕವಿತೆ ಎಲ್ಲ ದಾಟಿ ಕೊನೆಯ ಜಾಹೀರಾತಿನ ಪುಟಗಳಿಗೆ ಹೋಗು. ಹೋಟೆಲಿನ ಹೆಸರು, ಬೀದಿ, ಯಾವ ಗಿರಣಿಯ ಎದುರು, ಆರಂಕಿಯ ಫೋನ್ ನಂಬರು, ಕೆಲವೊಮ್ಮೆ ವಿಶೇಷ ತಿಂಡಿಯ ಹೆಸರು, ಎಲ್ಲ ಅಲ್ಲಿದೆ. ರಕ್ಷಾಪುಟ ಹರಿದು ವರ್ಷ ಗೊತ್ತಾಗದಿದ್ದರೆ ವಿಳಾಸ ನೋಡು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ‘400019’ ಅಂತಿದ್ದರೆ ಅದರ ನಂತರದ್ದು. ಬರೀ ‘ಬೊಂಬಾಯಿ-19’ ಅಂತಿದ್ದರೆ ಮೊದಲಿನದಿರಬಹುದು. ಹಳೇ ಅಭ್ಯಾಸದವರು ಆಮೇಲೂ ಹಾಗೇ ಬರೆಯುತ್ತಿದ್ದರು, ಹಾಗಾಗಿ ಅದೊಂದನ್ನೇ ನಂಬಬೇಡ. (ಕೆಳಗಿನ ಹಾಲಿನಲ್ಲಿ ಪುಸ್ತಕ ಬಿಡುಗಡೆ, ಶಾಲು, ಹಾರ, ಉಪ್ಪಿಟ್ಟು, ಮೇಲಿನ ಪುಸ್ತಕದ ಕೋಣೆಗೆ ಬೀಗ. ಬಿಡುಗಡೆಯಾದವರಲ್ಲಿ ಎಷ್ಟು ಜನ ಆ ಬೀಗದ ಕೈ ಕೇಳಿದ್ದಾರೆ? ತಮ್ಮ ಪುಸ್ತಕದ ಇಪ್ಪತ್ತು ಪ್ರತಿ ಅಲ್ಲಿ ಸುರಿದು ಹೋಗುವುದಕ್ಕೆ ಮಾತ್ರ ಕೇಳುತ್ತಾರೆ.)

ಪತ್ರಿಕೆಯ ಹಳೇ ಕಟ್ಟುಗಳಿಗೆ ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಚೀಟಿ ಕೊಡು. ಗೋದಾಮಿನಿಂದ ಬರಲು ಹೊತ್ತು ಹಿಡಿಯುತ್ತದೆ, ನಡುವೆ ಊಟದ ಬಿಡುವು ಬಂದರೆ ದಿನವೇ ಹೋಯಿತು. ಮುಷ್ಕರದ ಮೊದಲ ದಿನದ ಸುದ್ದಿ 19ನೇ ತಾರೀಖಿನ ಸಂಚಿಕೆಯಲ್ಲಿರುತ್ತದೆ ಅನ್ನುವುದು ನೆನಪಿರಲಿ. ಮುಖಪುಟ ಎಲ್ಲರೂ ಓದುತ್ತಾರೆ. ನೀನು ಧಾರಣೆ, ಸಿನಿಮಾ, ಸಣ್ಣ ಜಾಹೀರಾತು ಓದು. ಮಣಿಪಾಲದ ಉದಯವಾಣಿಯ ಆ ವರ್ಷದ ಕಟ್ಟು ಎಲ್ಲಾದರೂ ಸಿಕ್ಕರೆ ಬೊಂಬಾಯಿ ಬಸ್ಸಿನ ಜಾಹೀರಾತು ಹುಡುಕು. ನ್ಯೂಸ್‌ಪ್ರಿಂಟಿನಲ್ಲಿ ಆಮ್ಲ ಇರುತ್ತದೆ, ಹಳತಾದರೆ ಹಪ್ಪಳ. ಕಟ್ಟನ್ನು ಮೇಜಿನ ಮೇಲೆ ಮಲಗಿಸಿ, ಹಾಳೆಯ ಮೇಲಿನ ಮೂಲೆ ಹಿಡಿದು, ಅಂಗೈ ಅಡಿಗೆ ಕೊಟ್ಟು ತಿರುಗಿಸು. ಒಪ್ಪಿಗೆ ಇದ್ದರೆ ಫೋನಿನಲ್ಲಿ ಫೋಟೋ, ಫ್ಲ್ಯಾಶ್ ಬೇಡ. ಮೊದಲ ಫೋಟೋ ಯಾವಾಗಲೂ ಪತ್ರಿಕೆಯ ಹೆಸರು, ತಾರೀಖು. ಪುಸ್ತಕವಾದರೆ ಶೀರ್ಷಿಕೆಯ ಹಾಳೆಯ ಎರಡೂ ಬದಿ. ಇಲ್ಲದಿದ್ದರೆ ತಿಂಗಳಾದ ಮೇಲೆ ಇನ್ನೂರು ಚಿತ್ರ, ಯಾವುದು ಎಲ್ಲಿಯದು ದೇವರೇ ಬಲ್ಲ. ಟಿಪ್ಪಣಿಯ ಕಾರ್ಡಿಗೆ ಒಂದೇ ಸಂಗತಿ, ಕಾರ್ಡಿನ ತಲೆಯಲ್ಲಿ ಕಪಾಟಿನ ಅಂಕಿ ಮತ್ತು ಪುಟ. ಬರೆಯುವುದು ಪೆನ್ಸಿಲಿನಲ್ಲಿ. ಲೈಬ್ರರಿ ಪುಸ್ತಕದಲ್ಲಿ ಬಾಲ್‌ಪೆನ್ನಿನ ಗೆರೆ ಎಳೆಯುವವರ ಬಗ್ಗೆ ನನ್ನ ಅಭಿಪ್ರಾಯ ಪತ್ರದಲ್ಲಿ ಬರೆಯುವಂಥದ್ದಲ್ಲ.

ಫೋರ್ಟಿನ ಟೌನ್ ಹಾಲ್ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಂಡಿದ್ದೀಯಲ್ಲ, ಒಳಗೆ ಹೋಗಿದ್ದೀಯಾ? ಸೆಂಟ್ರಲ್ ಲೈಬ್ರರಿ ಇರುವುದು ಅಲ್ಲಿಯೇ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ದೇಶದ ಪ್ರತಿ ಪ್ರಕಾಶಕರೂ ಹೊಸ ಪುಸ್ತಕದ ಪ್ರತಿಯನ್ನು 30 ದಿನದೊಳಗೆ ನಾಲ್ಕು ಲೈಬ್ರರಿಗಳಿಗೆ ಕಳಿಸಬೇಕು: ಕೋಲ್ಕತಾ, ಚೆನ್ನೈ, ದೆಹಲಿ, ಇಲ್ಲಿನ ಸೆಂಟ್ರಲ್ ಲೈಬ್ರರಿ. ಅಂದರೆ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಅಚ್ಚಾದ ಕನ್ನಡ ಪುಸ್ತಕವೂ ಕಾನೂನಿನ ಪ್ರಕಾರ ಮುಂಬಯಿಗೆ ಬರಬೇಕು. ಹಲವರು ಕಳಿಸುವುದಿಲ್ಲ, ಅಂಚೆ ಖರ್ಚು ಅನ್ನುತ್ತಾರೆ. ಹೋಗುವ ಮೊದಲು ನಿನಗೆ ಬೇಕಾದ ಪುಸ್ತಕ ಆ ಕಟ್ಟಡದಲ್ಲಿದೆಯೋ ಬೇರೆ ಗೋದಾಮಿನಲ್ಲಿದೆಯೋ ಫೋನು ಮಾಡಿ ಕೇಳು, ವಾರದ ರಜೆ ಯಾವತ್ತು ಅಂತಲೂ. ಮುಂದೆ ನಿನ್ನ ಕಾದಂಬರಿ ಅಚ್ಚಾದಾಗ ಪ್ರಕಾಶಕರ ಬೆನ್ನು ಹತ್ತಿ ಆ ನಾಲ್ಕು ಪಾರ್ಸಲು ಕಳಿಸಿ, ರಸೀದಿ ಇಟ್ಟುಕೋ.

ಹಸ್ತಪ್ರತಿ ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಗುರುತು ಹಾಕಿದ ಕಡೆಯೆಲ್ಲ ಚೀಟಿ ಇಟ್ಟಿದ್ದೇನೆ, ಬರೆದದ್ದೆಲ್ಲ ಪೆನ್ಸಿಲಿನಲ್ಲೇ, ಬೇಡವಾದದ್ದನ್ನು ಅಳಿಸಿಕೋ. ಮೇಜಿನ ಮೇಲೆ ಮಲಗುವ ಪುಟವನ್ನು ಮಾತ್ರ ಮುಟ್ಟಬೇಡ. ಬಸ್ಸಿನ ಟಿಕೆಟಿನ ದರ ಗೊತ್ತಾದ ದಿನ ಒಂದು ಕಾರ್ಡು ಹಾಕು.

ನಿನ್ನ,
ಮಾಟುಂಗದ ಅಣ್ಣ