ಬುಧವಾರ ದಾಟಿದ ಮೇಲೆ ಬಂದ ಕರೆ

ಶಂಕರಪುರ, ಉಡುಪಿ

ಪ್ರೀತಿಯ ಮಗಳೇ,

ಮನೆಯಲ್ಲಿ ದಿನವಿಡೀ ತುಳು ಮಾತನಾಡಿದರೂ ಕಾಗದಕ್ಕೆ ಕೂತರೆ ನನಗೆ ಬರುವುದು ಕನ್ನಡವೇ. "ಓದಿ ನೋಡಮ್ಮ" ಎಂದು ನೀನು ಬಿಟ್ಟುಹೋದ ಪುಸ್ತಕ ಅಂತೂ ಮುಗಿಯಿತು. ಬೆಳಗ್ಗೆ ಮಲ್ಲಿಗೆ ಕಟ್ಟುವಾಗ ಎದುರಿಗಿಟ್ಟುಕೊಂಡು ಓದಿದ್ದು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಡುವೆ ಪುಟ ಮಗುಚಿದಾಗಲೆಲ್ಲ ಒದ್ದೆ ಬಾಳೆನಾರು ತಾಗಿ ಅಂಚುಗಳು ಉಬ್ಬಿವೆ. ಬೈಯಬೇಡ.

ಗಂಡಸಿನ ಮನಸ್ಸು ಗೆಲ್ಲಲು ಹುಡುಗಿ ಹೇಗಿರಬೇಕು ಎಂದು ನಿಯಮ ಹಾಕುವ 'ದಿ ರೂಲ್ಸ್' ಎಂಬ ಈ ಪುಸ್ತಕವನ್ನು 1995ರಲ್ಲಿ ಅಮೆರಿಕದ ಇಬ್ಬರು ಹೆಂಗಸರು ಬರೆದದ್ದು. ನೀನು ಪೆನ್ಸಿಲ್ ಗೆರೆ ಎಳೆದಲ್ಲೆಲ್ಲ ನಿಂತು ನಿಂತು ಓದಿದೆ. ಗಂಡಸಿಗೆ ನೀನಾಗಿ ಫೋನ್ ಮಾಡಬಾರದು. ಶನಿವಾರದ ಭೇಟಿಗೆ ಬುಧವಾರ ದಾಟಿದ ಮೇಲೆ ಕರೆದರೆ ಒಪ್ಪಬಾರದು. ನನಗೆ ನಗು ತಡೆಯಲಾಗಲಿಲ್ಲ. ನಿನ್ನ ಅಪ್ಪನ ಮನೆಯವರು ಶುಕ್ರವಾರ ಸಂಜೆ ಪಕ್ಕದ ಮನೆಗೆ ಫೋನ್ ಮಾಡಿ, "ಭಾನುವಾರ ಹುಡುಗಿ ನೋಡಲು ಬರುತ್ತೇವೆ" ಎಂದಿದ್ದರು. ಆ ನಿಯಮ ಪಾಲಿಸಿದ್ದರೆ ನೀನು ಹುಟ್ಟುತ್ತಲೇ ಇರಲಿಲ್ಲ.

2001ರಲ್ಲಿ ಅವರು ಮದುವೆಯ ಬಗ್ಗೆಯೇ ಇನ್ನೊಂದು ಪುಸ್ತಕ ತಂದಾಗ ಇಬ್ಬರಲ್ಲಿ ಒಬ್ಬಾಕೆ ವಿಚ್ಛೇದನದ ಹಾದಿಯಲ್ಲಿದ್ದರು. ಅದನ್ನು ಹಿಡಿದು ಹಂಗಿಸುವವಳಲ್ಲ ನಾನು. ನನ್ನ ತಕರಾರು, ಇದು ಯಾರಿಗೆ ಹೇಳಿದ ಮಾತು ಎಂಬುದು. ಕರೆಯುವವರು ನಾಲ್ಕು ಜನ ಇದ್ದು, ಯಾರನ್ನು ಎಷ್ಟು ಕಾಯಿಸಲಿ ಎಂದು ಯೋಚಿಸುವವಳಿಗೆ ಸರಿ. ನಿನ್ನ ಚಿಕ್ಕಮ್ಮನ ಮಗಳಿಗೂ ಒಗ್ಗೀತು. ಕಟಪಾಡಿಯಲ್ಲಿ ಬಸ್ ಹತ್ತಿದರೆ ಉಡುಪಿ ತಲುಪುವಷ್ಟರಲ್ಲಿ ಪಕ್ಕದ ಸೀಟಿನವರ ಸಂಸಾರವನ್ನೆಲ್ಲ ತಿಳಿದುಕೊಂಡು ತನ್ನದನ್ನೂ ಹೇಳಿಬಿಡುವವಳು ಅವಳು. ಸ್ವಲ್ಪ ಬಿಗಿ ಹಿಡಿ ಎನ್ನುವವರು ಅವಳಿಗೆ ಬೇಕು. ನೀನು? ಭೂತಕೋಲಕ್ಕೆ ಕರೆದುಕೊಂಡು ಹೋದರೆ ಬೆಳಗಾಗುವವರೆಗೂ ನನ್ನ ಸೆರಗು ಬಿಡದವಳು. ಎದುರು ಮೇಜಿನ ಆ ಹುಡುಗನ ಜೊತೆ ಕೂತು ಊಟ ಮಾಡಲು ಎಂಟು ತಿಂಗಳು ಹಿಡಿಯಿತು ಎಂದು ನೀನೇ ಹೇಳಿದ್ದೆ. ಈಗಷ್ಟೇ ಬಾಯಿಬಿಟ್ಟವಳು ಮತ್ತೆ ಮೌನ ಹಿಡಿದರೆ, ಇವಳಿಗೆ ಮನಸ್ಸಿಲ್ಲ ಎಂದುಕೊಂಡು ಅವನು ಎದ್ದು ಹೋಗುತ್ತಾನೆ. ಫೋನ್ ಮಾಡು.

ಸುಲಭಕ್ಕೆ ಸಿಕ್ಕರೆ ಬೆಲೆಯಿಲ್ಲ ಎಂಬ ವಾದ, ದಿನಾ ಹೂವಿನ ಕಟ್ಟೆಯಲ್ಲಿ ದರ ಕೇಳುವ ನನಗೆ ಹೊಸದಲ್ಲ. ಮದುವೆಗಳ ಕಾಲದಲ್ಲಿ ಅಟ್ಟೆಗೆ ಒಂದು ದರ, ಮಳೆಗಾಲದ ಆಟಿ ತಿಂಗಳಲ್ಲಿ ಇನ್ನೊಂದು. ಆದರೆ ಅಲ್ಲಿ ವ್ಯಾಪಾರಕ್ಕೆ ಕೂತವಳು ನಾನು, ಮಲ್ಲಿಗೆಯಲ್ಲ.

ಪುಸ್ತಕದುದ್ದಕ್ಕೂ ನಾನು ಹುಡುಕಿದ್ದು ಬೇರೆಯೇ: ಹೊಂದಿಕೆಯಾಗದಿದ್ದರೆ ಹುಡುಗಿ ಎಲ್ಲಿಗೆ ಹೋಗಬೇಕು? ನಿನ್ನ ಮುತ್ತಜ್ಜಿಗೆ ಅದು ಗೊತ್ತಿತ್ತು. ಅಳಿಯಸಂತಾನದ ಕಾಲ ಅದು; ಆಸ್ತಿ ಹೆಣ್ಣಿನ ಕಡೆಯಿಂದ, ಮಕ್ಕಳಿಗೆ ತಾಯಿಯ 'ಬಳಿ', ಅಂದರೆ ತಾಯಿಯ ಕುಲದ ಹೆಸರು. ಮೊದಲ ಗಂಡನ ಮನೆಯಿಂದ ಎರಡೇ ವರ್ಷಕ್ಕೆ ಟ್ರಂಕ್ ಹೊರಿಸಿಕೊಂಡು ಬಂದು ಕುಟುಂಬದ ಮನೆಯ ಚಾವಡಿಯಲ್ಲಿ ಕೂತರಂತೆ. ಅವರ ಅಮ್ಮ ಕೇಳಿದ್ದು "ಗಂಜಿ ಉಂಡಾಯಿತಾ?" ಎಂದಷ್ಟೇ. ಆಮೇಲೆ ಅವರ ಕೈಹಿಡಿದವರು ನಿನ್ನ ಮುತ್ತಜ್ಜ. ಆ ಕಟ್ಟನ್ನು ನಾನು ಹೊಗಳುತ್ತಿಲ್ಲ. ಹೆಸರು ಹೆಂಗಸರದ್ದು, ಯಜಮಾನಿಕೆ ಹೆಚ್ಚಾಗಿ ಸೋದರಮಾವಂದಿರದ್ದು. 1949ರ ಅಳಿಯಸಂತಾನ ಕಾಯ್ದೆ ಬರುವವರೆಗೆ ಪಾಲು ಕೇಳುವುದೂ ಸುಲಭವಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಲೆಕ್ಕವೂ ಬದಲಾಯಿತು. ಆದರೂ ಅವರಿಗೆ ಬಂದು ಕೂರಲು ಒಂದು ಚಾವಡಿ ಇತ್ತು.

ಬಳಿ ಮಾತ್ರ ಇನ್ನೂ ಉಳಿದಿದೆ. ಹುಡುಗನದ್ದು ಯಾವ ಬಳಿ ಎಂದು ನಿನ್ನ ಮಾವ ಕೇಳಿಯೇ ಕೇಳುತ್ತಾರೆ. ಒಂದೇ ಬಳಿಯಾದರೆ ಒಂದು ರಂಪ, ಬೇರೆ ಜಾತಿಯಾದರೆ ಇನ್ನೊಂದು. ಅಮೆರಿಕದ ಹೆಂಗಸರ ಪುಸ್ತಕದಲ್ಲಿ ಅದಕ್ಕೆ ನಿಯಮವಿಲ್ಲ. ನಿನ್ನ ಮಾವನನ್ನು ನನಗೆ ಬಿಡು.

ನಿನ್ನ ಕೋಣೆ ಹಾಗೆಯೇ ಇದೆ. ಅಪ್ಪ ಅಲ್ಲಿ ಹಿಂಡಿಯ ಚೀಲಗಳನ್ನು ಇಡಲು ಹೊರಟಿದ್ದರು, ಬೇಡ ಎಂದೆ. ಮೊನ್ನೆ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದೆ.

ಪುಸ್ತಕವನ್ನು ನಾಳೆ ರಾತ್ರಿಯ ಬಸ್ಸಿಗೆ ಕೊಡುತ್ತೇನೆ, ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆ. ಬೆಳಗ್ಗೆ ಬೇಗ ಹೋಗಿ ತೆಗೆದುಕೋ, ತಡವಾದರೆ ಬಾಡುತ್ತದೆ.

ಇಷ್ಟೆಲ್ಲ ಹೇಳಿದವಳು ಆ ಹುಡುಗನ ಹೆಸರನ್ನೇ ಹೇಳಲಿಲ್ಲವಲ್ಲ.

ನಿನ್ನ,
ಅಮ್ಮ