ಅರ್ಥ ಹೇಳುವ ಮೊದಲು ಊಹಿಸಲು ಬಿಡಿ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಪಾಠ ಆರಂಭಿಸುವ ಮುನ್ನವೇ ಕಪ್ಪುಹಲಗೆಯ ತುಂಬ ‘ಕಠಿಣ ಪದಗಳು’ ಮತ್ತು ಅವುಗಳ ಅರ್ಥ ಬರೆದುಬಿಡುವ ಪದ್ಧತಿಯ ಬಗ್ಗೆ ನನ್ನದೊಂದು ತಕರಾರಿದೆ. ಇಪ್ಪತ್ತೆಂಟು ವರ್ಷ ನಾನೂ ಇದನ್ನೇ ಮಾಡಿದವಳು. ಹಾಗಾಗಿ ಬೈಗುಳದಲ್ಲಿ ನನಗೂ ಪಾಲಿದೆ.

ನಿವೃತ್ತಿಗೆ ಎರಡು ವರ್ಷವಿದ್ದಾಗ ಒಂದು ದಿನ ಅರ್ಥ ಹೇಳದೆ ಸುಮ್ಮನಿದ್ದೆ. ಮುದುಕನೊಬ್ಬ ಕೆಸರಿನಲ್ಲಿ ‘ಟ್ರಡ್ಜ್’ ಮಾಡುತ್ತಾ, ಮತ್ತೆ ಮತ್ತೆ ನಿಂತು ಸುಧಾರಿಸಿಕೊಂಡ ಎಂದಿತ್ತು ಪಾಠದಲ್ಲಿ. ‘ಅದು ನಾಮಪದವೋ ಕ್ರಿಯಾಪದವೋ? ಮುದುಕ ನಿಂತದ್ದೇಕೆ?’ ಎಂದಷ್ಟೇ ಕೇಳಿದೆ. ಎಂದೂ ಮಾತನಾಡದ ಹಿಂದಿನ ಬೆಂಚಿನ ಹುಡುಗಿ ಎದ್ದು, ಆಗಲೂ ಬಾಯಿ ತೆರೆಯದೆ, ಭಾರವಾಗಿ ಕಾಲೆಳೆದುಕೊಂಡು ನಡೆದು ತೋರಿಸಿದಳು. ಅಷ್ಟು ಚೆನ್ನಾದ ಅರ್ಥ ಯಾವ ನಿಘಂಟಿನಲ್ಲೂ ನನಗೆ ಸಿಕ್ಕಿಲ್ಲ.

ಊಹೆಗೂ ಮಿತಿಯಿದೆ, ಒಪ್ಪುತ್ತೇನೆ. ಪದದ ತುಂಡುಗಳನ್ನಷ್ಟೇ ನಂಬಿದವರಿಗೆ ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದ್ದು. ನಿಜಾರ್ಥ ಬೆಲೆ ಕಟ್ಟಲಾಗದ್ದು. ಅಕ್ಕಪಕ್ಕದ ವಾಕ್ಯದಲ್ಲಿಟ್ಟು ನೋಡಿ, ಕೊನೆಗೆ ನಿಘಂಟು ತೆರೆಯಬೇಕು. ಇನ್ನು ಸುತ್ತಲಿನ ನೂರು ಪದಗಳಲ್ಲಿ ಕನಿಷ್ಠ 95, ಸಲೀಸಾಗಿ ಓದಲು 98 ಗೊತ್ತಿರಬೇಕೆಂಬುದು ಸಂಶೋಧಕರ ಲೆಕ್ಕ. ಸಾಲಿಗೆ ನಾಲ್ಕು ಹೊಸ ಪದಗಳಿರುವ ಪಠ್ಯ ಕೊಟ್ಟು ‘ಊಹಿಸು’ ಎಂದರೆ ಮಗು ಏನು ಮಾಡೀತು?

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ಒಂದು ಕೋರಿಕೆ: ಬಾಯಿಪಾಠದ ಅರ್ಥಕ್ಕೆ ಕೊಡುವ ಅಂಕಗಳಲ್ಲಿ ಒಂದನ್ನಾದರೂ ‘ಯಾವ ಸುಳಿವಿನಿಂದ ಊಹಿಸಿದೆ?’ ಎಂಬ ಪ್ರಶ್ನೆಗೆ ಮೀಸಲಿಡಿ.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ