ರಿಕಾರ್ಡ್ ಪ್ಲೇಯರ್ ತಗೊಳ್ಳಲೋ ಬೇಡವೋ ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ದೋಸ್ತ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸುಮ್ನೆ "ತಗೋ, ತಗೋ" ಅಂದುಬಿಟ್ಟೆ. ರಾತ್ರಿ ಮಲಗಿದಾಗ ಮನಸ್ಸಿಗೆ ಸರಿ ಅನಿಸಲಿಲ್ಲ. ನೀನು ದುಡ್ಡು ಹಾಕುವ ಮೊದಲು ಎಲ್ಲಾ ಬಿಡಿಸಿ ಹೇಳಬೇಕಿತ್ತು. ಅದಕ್ಕೇ ಈ ಪತ್ರ. ಇಲ್ಲೇ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಯಾಕಂದರೆ ಇದೇ ಪ್ರಶ್ನೆಯನ್ನು ಇನ್ನೂ ಇಬ್ಬರು ಮೂವರು ಕೇಳಿದ್ದಾರೆ.

ಮೊದಲು ಸದ್ದಿನ ಮಾತು ಮುಗಿಸಿಬಿಡೋಣ. ರಿಕಾರ್ಡಿನಲ್ಲಿ ಹಾಡು ಬೇರೆಲ್ಲದಕ್ಕಿಂತ ಶುದ್ಧವಾಗಿ ಕೇಳುತ್ತದೆ ಅಂತ ಹೇಳುವವರು ಬಹಳ ಜನ ಇದ್ದಾರೆ. ಐದು ವರ್ಷ ಕೇಳಿದ ಮೇಲೆ ನಾನು ಆ ಮಾತು ಹೇಳಲಾರೆ. ತಂಬೂರಿ ಶುರುವಾಗುವ ಮೊದಲೇ ಚರಚರ ಶುರುವಾಗಿರುತ್ತದೆ. ಧೂಳಿನ ಒಂದು ಕಣ ಇದ್ದರೂ ಟಿಕ್ ಅನ್ನುತ್ತದೆ. ಇನ್ನೊಂದು ತೊಂದರೆ ಇದೆ, ಇದು ನಮ್ಮ ಹಿಂದೂಸ್ತಾನಿ ಕೇಳುವವರಿಗೆ ಜಾಸ್ತಿ ಕಾಡುವಂಥದ್ದು. ಎಲ್‌ಪಿ, ಅಂದರೆ ಒಂದು ಮಗ್ಗಲಿಗೆ ಇಪ್ಪತ್ತು ನಿಮಿಷ ಹಾಡುವ ದೊಡ್ಡ ರಿಕಾರ್ಡು ತಟ್ಟೆ, ನಿಮಿಷಕ್ಕೆ ಮೂವತ್ಮೂರೂ ಚಿಲ್ಲರೆ ಸುತ್ತು ತಿರುಗುತ್ತದೆ, ಆ ವೇಗ ಬದಲಾಗುವುದಿಲ್ಲ. ಹೊರಗಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಹಾಗಾಗಿ ತಟ್ಟೆಯ ಗೆರೆಯಲ್ಲಿ ಓಡುವ ಮುಳ್ಳು ನಡುವಿನ ಚೀಟಿಯ ಹತ್ತಿರ ಬಂದ ಹಾಗೆ ಅಷ್ಟೇ ಹೊತ್ತಿನ ಹಾಡು ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂರಬೇಕು, ಸದ್ದು ಒಡೆಯುತ್ತದೆ. ರಾಗದಲ್ಲಿ ಕೊನೆಗೆ ಬರುವುದು ಏನು? ದ್ರುತ್, ತಾನುಗಳು. ಹಾಡುವವರು ಎಲ್ಲಕ್ಕಿಂತ ಜೋರಾಗಿ ಓಡುವ ಹೊತ್ತಿಗೆ ತಟ್ಟೆಯಲ್ಲಿ ಓಡಲು ಜಾಗವೇ ಇರುವುದಿಲ್ಲ. ಇದಕ್ಕೆ ಪೂರ್ತಿ ಮದ್ದಿಲ್ಲ. ಒಳ್ಳೆಯ ಮುಳ್ಳು ಇದ್ದರೆ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ಆದರೂ ನಮ್ಮ ಮನೆಯಲ್ಲಿ ಸಂಜೆ ಊಟಕ್ಕೆ ಮೊದಲು ಒಂದು ಮಗ್ಗಲು ಹಚ್ಚುವುದು ತಪ್ಪಿಲ್ಲ. ಇಪ್ಪತ್ತು ನಿಮಿಷದ ಕೆಲಸ. ಅವ್ವ ಕೌದಿ ಹೊಲಿಯುತ್ತಾ ಕೂತಿರುತ್ತಾಳೆ. ಮುಗಿದಾಗ ಮುಳ್ಳು ಒಳಗಿನ ಗೆರೆಯಲ್ಲಿ ತಿರುಗುತ್ತಲೇ ಇರುತ್ತದೆ, ಅವ್ವ ತಲೆ ಎತ್ತದೇ "ಇನ್ನೊಂದ ಮಗ್ಗಲ ಹಾಕೋ" ಅನ್ನುತ್ತಾಳೆ. ಫೋನಿನಲ್ಲಿ ಹಾಡು ಹಾಕಿದಾಗ ಅವಳು ಹಾಗೆ ಕೇಳಿದ್ದು ನೆನಪಿಲ್ಲ. ಫೋನಿನ ಹಾಡು ಯಾರದೋ ಒಬ್ಬರದಾಗಿರುತ್ತದೆ, ನಡುವೆ ಕರೆ ಬರುತ್ತದೆ, ಬೇಡ ಅನಿಸಿದರೆ ಬೆರಳಾಡಿಸಿ ಮುಂದಕ್ಕೆ ಹೋಗುತ್ತೇವೆ. ತಟ್ಟೆ ಹಚ್ಚಿದ ಮೇಲೆ ಎದ್ದು ಹೋಗಿ ಮುಳ್ಳು ಎತ್ತುವ ಸೋಮಾರಿತನಕ್ಕಾದರೂ ಕೂತು ಕೇಳುತ್ತೇವೆ. ಹಾಗೆ ಕೂತು ಕೂತೇ ನನಗೆ ಮಲ್ಲಿಕಾರ್ಜುನ ಮನ್ಸೂರರ ಹಾಡು ಹಿಡಿಸಿತು. ಮೊದಲ ಹತ್ತು ಸಲ ಏನೂ ತಿಳಿದಿರಲಿಲ್ಲ.

ಈಗ ನನಗೆ ಸಿಕ್ಕ ಒಂದು ಹಳೇ ರಿಕಾರ್ಡು ಪೆಟ್ಟಿಗೆಯ ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ರಿಕಾರ್ಡು ಇದ್ದದ್ದು ವಾಡೆಗಳಲ್ಲಿ, ವಕೀಲರ ಮನೆಗಳಲ್ಲಿ ಅಂತ ನಾನೂ ತಿಳಿದಿದ್ದೆ. ಆದರೆ ಹಳ್ಳಿಯವರು ರಿಕಾರ್ಡು ಕೇಳಿದ್ದು ಮೈಕ್‌ಸೆಟ್ಟಿನಲ್ಲಿ. ಮದುವೆ, ಜಾತ್ರೆ, ನಾಟಕ, ಯಾವುದಾದರೂ ಸರಿ, ಬೇವಿನ ಗಿಡಕ್ಕೆ ಮೈಕು ಕಟ್ಟಿ ನಸುಕಿನಲ್ಲೇ ಹಾಡು ಹಚ್ಚುತ್ತಿದ್ದರು. ಇಲ್ಲಿ ನವನಗರದಲ್ಲಿ ಹಿಂದೆ ಮೈಕ್‌ಸೆಟ್ ಇಟ್ಟಿದ್ದ ಹಿರಿಯರೊಬ್ಬರ ಮನೆಯಲ್ಲಿ ನನಗೆ ಒಂದು ಕಟ್ಟಿಗೆ ಪೆಟ್ಟಿಗೆ ಸಿಕ್ಕಿತು. ಅಂಥವು ನಾಲ್ಕು ಇದ್ದವಂತೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿ ಮುಳುಗುವಾಗ ಟ್ರ್ಯಾಕ್ಟರಿನಲ್ಲಿ ಮನೆ ಸಾಮಾನು ತಂದರಲ್ಲ, ಆಗ ಕಾಳಿನ ಚೀಲದ ಕೆಳಗೆ ಸಿಕ್ಕು ಕೆಲವು ಒಡೆದವು, ಕೆಲವನ್ನು ಅವರೇ ಯಾರಿಗೋ ಕೊಟ್ಟರು. ಉಳಿದದ್ದು ಒಂದು.

ಒಳಗೆ ಬಹಳಷ್ಟು 7 ಇಂಚಿನ, 45 ಸುತ್ತಿನ ಸಿನಿಮಾ ತಟ್ಟೆಗಳು. ಕಂಪನಿಯ ಕವರು ಯಾವುದಕ್ಕೂ ಇಲ್ಲ. ಸಿಮೆಂಟ್ ಚೀಲದ ಕಾಗದವನ್ನು ಕತ್ತರಿಸಿ ದಪ್ಪ ದಾರದಿಂದ ಹೊಲಿದ ಚೀಲಗಳು. ಪ್ರತಿ ತಟ್ಟೆಯ ಚೀಟಿಯ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರಾತ್ರಿ ಚಿಮಣಿ ಬೆಳಕಿನಲ್ಲಿ ಕೂಡ ಹುಡುಕಲು ಬರಬೇಕಲ್ಲ. ಭಾರದ ಮುಳ್ಳು ಓಡಿ ಓಡಿ ತಟ್ಟೆಯ ಕಪ್ಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದೆ. ಕೊಳ್ಳುವ ಮಂದಿಯ ಲೆಕ್ಕದಲ್ಲಿ ಇವಕ್ಕೆ ಬೆಲೆಯೇ ಇಲ್ಲ. ನಾನು ಒಂದೊಂದಾಗಿ ಹಚ್ಚಿ ನೋಡುತ್ತಿದ್ದೆ. 47ನೇ ನಂಬರಿನದು ಹಚ್ಚಿದಾಗ ಅವ್ವ ಸೂಜಿ ನಿಲ್ಲಿಸಿದಳು.

"ಇದನ್ನ ನನ್ನ ಮದುವ್ಯಾಗ ಹಚ್ಚಿದ್ದರೋ. ಅರಿಷಿಣ ಹಚ್ಚೂ ಮುಂದ ಇದ ಹಾಡ್ತಿತ್ತು."

ಅದೇ ಹಾಡನ್ನು ಅವಳು ಟಿವಿಯಲ್ಲಿ, ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದಾಳೆ. ಯಾವತ್ತೂ ಹೀಗೆ ಹೇಳಿರಲಿಲ್ಲ. ಆ ಸವೆದ ಸದ್ದೇ ಅವಳಿಗೆ ಗುರುತು ಹತ್ತಿದ್ದು. ತೊಳೆದು ಸ್ವಚ್ಛ ಮಾಡಿದ ಹಾಡು ಅವಳ ಮದುವೆಯಲ್ಲಿ ಇರಲೇ ಇಲ್ಲ. ಆ ದಿನ ಅವಳು ನಾನು ಮೊದಲು ಕೇಳಿರದ ಎರಡು ಮೂರು ಸಂಗತಿ ಹೇಳಿದಳು, ಅವನ್ನು ಇಲ್ಲಿ ಬರೆಯುವುದಿಲ್ಲ. ನೀನು ಬಂದಾಗ ಅವಳನ್ನೇ ಕೇಳು.

ಆ ಪೆಟ್ಟಿಗೆಯ ತಳದಲ್ಲಿ ಐದಾರು 78 ಸುತ್ತಿನ ತಟ್ಟೆಗಳೂ ಇದ್ದವು. ಇವು ಅರಗಿನವು, ಪ್ಲಾಸ್ಟಿಕ್ ಅಲ್ಲ. ಆ ಕಾಲದಲ್ಲಿ ಜಗತ್ತಿನ ರಿಕಾರ್ಡುಗಳಿಗೆ ನಮ್ಮ ದೇಶದ ಅರಗೇ ಹೋಗುತ್ತಿತ್ತು. 10 ಇಂಚಿನ ತಟ್ಟೆ, ಒಂದು ಮಗ್ಗಲಿಗೆ ಮೂರು ನಿಮಿಷ ಚಿಲ್ಲರೆ, ಕೈ ಜಾರಿದರೆ ಹಂಚಿನಂತೆ ಒಡೆಯುತ್ತದೆ. ಅದರಲ್ಲೊಂದು ಅಮೀರಬಾಯಿ ಕರ್ನಾಟಕಿಯವರದು. ಅವರು ನಮ್ಮ ಬೀಳಗಿಯಲ್ಲಿ ಹುಟ್ಟಿದವರು, 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿ ದೇಶಕ್ಕೆಲ್ಲಾ ಗೊತ್ತಾದವರು. ನನ್ನ ತಟ್ಟೆಯ ಅಂಚಿನಲ್ಲಿ ಉಗುರಿನಷ್ಟು ಸೀಳಿದೆ. ಮೊದಲ ಅರ್ಧ ನಿಮಿಷ ಸುತ್ತು ಸುತ್ತಿಗೂ ಟಕ್, ಟಕ್, ಟಕ್. ಆಮೇಲೆ ಮುಳ್ಳು ಸೀಳನ್ನು ದಾಟಿ ಒಳಗೆ ಬರುತ್ತದೆ, ಅವರ ದನಿ ಒಂದೇ ಉಳಿಯುತ್ತದೆ. ಬೀಳಗಿಯಿಂದ ಬಸ್ಸಿಗೆ ಒಂದು ಗಂಟೆಯೂ ಆಗದ ಊರಿನಲ್ಲಿ ಕೂತು, ಮುಂಬೈಯಲ್ಲಿ ಹೆಸರು ಮಾಡಿದ ಮೇಲೂ ಆ ಹೆಸರಿಗೆ 'ಕರ್ನಾಟಕಿ' ಅಂತ ಸೇರಿಸಿಕೊಂಡೇ ಇದ್ದ ಆ ಹೆಣ್ಣುಮಗಳ ಹಾಡು ಕೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಗಂಗೂಬಾಯಿ ಹಾನಗಲ್ಲರದೂ ಹೀಗೇ. 1930ರ ದಶಕದಲ್ಲಿ ರಿಕಾರ್ಡು ಕಂಪನಿ ಎಚ್‌ಎಂವಿಯವರು ಅವರನ್ನು 'ಗಾಂಧಾರಿ' ಅನ್ನುವ ಹೆಸರಿನಲ್ಲಿ ಹಾಡಿಸಿದ್ದರು. ಆಗಿನ ದನಿ ತೆಳುವಾಗಿ ಎತ್ತರಕ್ಕೆ ಹೋಗುತ್ತದೆ. ಆಮೇಲೆ ಗಂಟಲಿನ ಚಿಕಿತ್ಸೆಯಾಗಿ, ನಮಗೆಲ್ಲಾ ಗೊತ್ತಿರುವ ಗಂಡು ದನಿ ಬಂತು. ಆ ಹಳೆಯ ದನಿ ಉಳಿದಿರುವುದು ಆ ಅರಗಿನ ತಟ್ಟೆಗಳಲ್ಲಿ. ನನ್ನ ಹತ್ತಿರ ಅದಿಲ್ಲ, ಯಾರೋ ಜೋಪಾನ ಮಾಡಿಟ್ಟುಕೊಂಡವರು ನೆಟ್ಟಿಗೆ ಹಾಕಿದ್ದನ್ನು ಕೇಳಿದ್ದೇನೆ. ಅದಕ್ಕೇ ಸಂಗ್ರಹ ಮಾಡುವವರನ್ನು ಯಾರಾದರೂ ಹುಚ್ಚರು ಅಂದರೆ ನನಗೆ ಸಿಟ್ಟು ಬರುತ್ತದೆ. ಗದಗಿನ ಒಬ್ಬ ಹುಡುಗ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಒಂದು ರಿಕಾರ್ಡು ಕೇಳಿ, ಅಂಥ ಹಾಡು ಕಲಿಸುವ ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟು ಹೋದ, ಆಗ ಅವನಿಗೆ 11 ವರ್ಷ. ಭೀಮಸೇನ ಜೋಶಿ. ಮೂರು ನಿಮಿಷದ ತಟ್ಟೆ ಮಾಡಿದ ಕೆಲಸ ನೋಡು!

ಇನ್ನು ಕಷ್ಟಗಳು. ನಮ್ಮ ಬಿಸಿಲೇ ದೊಡ್ಡದು. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಹೋಗಿ ಮನ್ಸೂರರ ಒಂದು ಎಲ್‌ಪಿ ತಂದೆ. ತಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಬರುವಾಗ ಕೊಲ್ಹಾರದಲ್ಲಿ ರೊಟ್ಟಿ, ಮೊಸರು ಉಂಡು ಬರೋಣ ಅಂತ ಕಾರು ನಿಲ್ಲಿಸಿದೆವು. ತಟ್ಟೆ ಹಿಂದಿನ ಸೀಟಿನಲ್ಲಿತ್ತು, ಗಾಜು ಏರಿಸಿದ್ದೆವು. ಮುಕ್ಕಾಲು ಗಂಟೆ, ಅಷ್ಟೇ. ಮನೆಗೆ ಬಂದು ತೆಗೆದು ನೋಡಿದರೆ ತಟ್ಟೆಯ ಒಂದು ಕಡೆ ರೊಟ್ಟಿ ಉಬ್ಬಿದ ಹಾಗೆ ಎದ್ದಿತ್ತು. ಮುಳ್ಳು ಅದರ ಮೇಲೆ ಹತ್ತಿ ಇಳಿದು ಹಾರುತ್ತದೆ, ದನಿ ಅಲ್ಲಾಡುತ್ತದೆ. ಎರಡು ಗಾಜಿನ ನಡುವೆ ಇಟ್ಟು ನೋಡಿದೆ, ಸರಿ ಹೋಗಲಿಲ್ಲ. ಆ ಎಲ್‌ಪಿಯನ್ನು ಎಸೆಯಲು ಮನಸ್ಸಾಗದೆ ಇನ್ನೂ ಇಟ್ಟುಕೊಂಡಿದ್ದೇನೆ. ಬೆಳಗಾವಿಯಲ್ಲಿ ನಿನಗೆ ಈ ಬಿಸಿಲಿನ ಕಾಟ ಇಷ್ಟಿಲ್ಲ. ಆದರೆ ನಿಮ್ಮ ಮಳೆಗಾಲ ಇದೆಯಲ್ಲ, ಆ ತೇವಕ್ಕೆ ಕವರುಗಳಿಗೆ ಬೂಷ್ಟು ಹಿಡಿಯುತ್ತದೆ, ಅಲ್ಲಿಂದ ತಟ್ಟೆಗೂ ಹತ್ತುತ್ತದೆ. ಗೋಡೆಗೆ ತಾಗಿಸಿ ಇಡಬೇಡ. ಒಂದರ ಮೇಲೊಂದು ಪೇರಿಸಬೇಡ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸು. ಕಪಾಟು ಗಟ್ಟಿ ಇರಲಿ, ನೂರು ಎಲ್‌ಪಿ ಅಂದರೆ 20 ಕಿಲೋಗೂ ಜಾಸ್ತಿ ಭಾರ.

ಯಂತ್ರದ ವಿಷಯದಲ್ಲಿ ನಾನು ಮಾಡಿದ ತಪ್ಪು ನೀನು ಮಾಡಬೇಡ. ಸೂಟ್‌ಕೇಸಿನಂಥ ಅಗ್ಗದ ಪ್ಲೇಯರು ನೋಡಲು ಚಂದ ಇರುತ್ತದೆ. ಅದರ ಮುಳ್ಳು 5 ಗ್ರಾಂ ಆಸುಪಾಸು ಭಾರ ಹಾಕುತ್ತದೆ. ಒಳ್ಳೆಯ ಪ್ಲೇಯರಿನಲ್ಲಿ ಅದು 2 ಗ್ರಾಂ ಸುತ್ತಮುತ್ತ. ಆ ವ್ಯತ್ಯಾಸವನ್ನು ತಟ್ಟೆ ತಡೆದುಕೊಳ್ಳಬೇಕು, ದಿನಾ. ನಾನು ಒಂದು ವರ್ಷ ಅದರಲ್ಲೇ ಕೇಳಿದೆ, ಈಗ ಆ ತಟ್ಟೆಗಳಲ್ಲಿ ಸವೆತ ಕೇಳಿಸುತ್ತದೆ. ಆಮೇಲೆ ಒಳ್ಳೆಯದು ತಂದು ನೇರವಾಗಿ ಸ್ಪೀಕರಿಗೆ ಜೋಡಿಸಿದೆ. ಸದ್ದು ಸಣ್ಣಗೆ, ಕೀರಲಾಗಿ ಬಂತು, ತಬಲಾದಲ್ಲಿ ಡಗ್ಗಾ ಕೇಳಲೇ ಇಲ್ಲ. ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೇ ಹೋಗಿದ್ದೆ. ತಪ್ಪು ಅವನದಲ್ಲ. ರಿಕಾರ್ಡು ಕೊರೆಯುವಾಗ ತಗ್ಗಿನ ಸದ್ದನ್ನು ಬೇಕಂತಲೇ ಕುಗ್ಗಿಸಿ, ಮೇಲಿನ ಸದ್ದನ್ನು ಏರಿಸಿ ಕೊರೆಯುತ್ತಾರೆ. ಇಲ್ಲವಾದರೆ ಗೆರೆಗಳು ಅಗಲವಾಗಿ ಒಂದು ಮಗ್ಗಲಿನಲ್ಲಿ ಇಪ್ಪತ್ತು ನಿಮಿಷ ಹಿಡಿಯುವುದೇ ಇಲ್ಲ. ಕೇಳುವಾಗ ಅದನ್ನು ತಿರುಗಿ ಸಮ ಮಾಡಲು ಫೋನೋ ಪ್ರಿಆಂಪ್ ಅನ್ನುವ ಸಾಧನ ಬೇಕು. ಕೆಲವು ಪ್ಲೇಯರಿನಲ್ಲಿ ಅದು ಒಳಗೇ ಇರುತ್ತದೆ, ಅಂಗಡಿಯಲ್ಲಿ ವಿಚಾರಿಸಿ ತಗೋ. ಮುಳ್ಳಿನ ತುದಿಯ ವಜ್ರವೂ ಸವೆಯುತ್ತದೆ, 500ರಿಂದ 1000 ಗಂಟೆ ಬಾಳುತ್ತದೆ ಅಂತ ಲೆಕ್ಕ. 78ರ ತಟ್ಟೆಗೆ ಬೇರೆಯೇ ದಪ್ಪ ಮುಳ್ಳು ಬೇಕು, ಅದರ ಗೆರೆ ಎಲ್‌ಪಿಯದಕ್ಕಿಂತ ಬಹಳ ಅಗಲ. ಮತ್ತೆ ಅರಗಿನ ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಬೇಡ, ಅರಗು ಕರಗುತ್ತದೆ. ಇದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ.

ದುಡ್ಡಿನ ಮಾತು. ಅಮೆರಿಕದಲ್ಲಿ 2022ರಲ್ಲಿ ಸಿಡಿಗಿಂತ ಎಲ್‌ಪಿಗಳೇ ಜಾಸ್ತಿ ಮಾರಾಟವಾದವು, 1987ರ ನಂತರ ಹಾಗಾಗಿದ್ದು ಅದೇ ಮೊದಲು. ಆ ಗಾಳಿ ಇಲ್ಲಿಗೂ ಬೀಸಿದೆ. ಹೊಸ ಎಲ್‌ಪಿ ಎರಡು ಮೂರು ಸಾವಿರ ಕೇಳುತ್ತಾರೆ. ಹಿಂದೆ ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಹೋಗುತ್ತಿದ್ದ ಹಳೆಯ ತಟ್ಟೆಗೂ ಈಗ ಫೋಟೋ ಹಾಕಿ, 'ಅಪರೂಪದ್ದು' ಅಂತ ಬರೆದು ಬೆಲೆ ಏರಿಸುತ್ತಾರೆ. ಗೀರಿಲ್ಲ ಅಂತ ಹೇಳಿ ಕಳಿಸಿದ ತಟ್ಟೆಯಲ್ಲಿ ಮುಳ್ಳು ಒಂದೇ ಕಡೆ ಸಿಕ್ಕಿಕೊಂಡಿದ್ದೂ ಇದೆ, ಕೊರಿಯರ್‌ನಲ್ಲಿ ಎರಡು ಹೋಳಾಗಿ ಬಂದಿದ್ದೂ ಇದೆ.

ಇದೆಲ್ಲಕ್ಕಿಂತ ನಾನು ನಿನಗೆ ಹೇಳಬೇಕಾದದ್ದು ಬೇರೆ. ಕೇಳುವ ಆಸೆ ಒಂದು, ಕೂಡಿಸಿಡುವ ಆಸೆ ಇನ್ನೊಂದು. ಎರಡೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ, ಮೊದಮೊದಲು ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡೇ ವರ್ಷದಲ್ಲಿ ನನ್ನ ಹತ್ತಿರ 200 ದಾಟಿದವು. ಒಂದು ದಿನ ಕೂತು ಎಣಿಸಿದೆ. ಅರುವತ್ತು ತಟ್ಟೆಗಳನ್ನು ಒಂದು ಸಲವೂ ಹಚ್ಚಿರಲಿಲ್ಲ. ಪಾರ್ಸೆಲ್ ಬಿಚ್ಚಿ, ಒರೆಸಿ, ಕವರು ನೋಡಿ, ಕಪಾಟಿನಲ್ಲಿ ಇಟ್ಟು, ಮತ್ತೆ ಫೋನಿನಲ್ಲಿ ಮುಂದಿನದನ್ನು ಹುಡುಕುತ್ತಿದ್ದೆ. ಆ ವರ್ಷ ಮಗಳ ಶಾಲೆಯ ಫೀ ಕಟ್ಟುವುದು ಒಂದು ತಿಂಗಳು ತಡವಾಯಿತು. ಹೆಂಡತಿ ಏನೂ ಅನ್ನಲಿಲ್ಲ, ಆದರೆ ಅದು ನನಗೆ ಇವತ್ತಿಗೂ ನೋವು. ಅವತ್ತಿನಿಂದ ಕೊಳ್ಳುವುದನ್ನು ನಿಲ್ಲಿಸಿ, ನೂರಕ್ಕೂ ಜಾಸ್ತಿ ತಟ್ಟೆಗಳನ್ನು ಕೇಳುವವರಿಗೆ ಕೊಟ್ಟುಬಿಟ್ಟೆ. ಈಗ ಎಂಬತ್ತೆರಡಿವೆ. ಎಲ್ಲವನ್ನೂ ಕೇಳುತ್ತೇನೆ.

ಹಾಗಾಗಿ ತಗೋ. ದುಡ್ಡನ್ನು ಯಂತ್ರಕ್ಕೆ ಹಾಕು, ತಟ್ಟೆ ಹತ್ತು ಸಾಕು. ಒಂದು ವರ್ಷ ಆ ಹತ್ತನ್ನೇ ಕೇಳು. ಹತ್ತರಲ್ಲಿ ಮೂರು ನಾನೇ ಕೊಡುತ್ತೇನೆ, ತೆಗೆದಿಟ್ಟಾಗಿದೆ. ಅದರಲ್ಲಿ ಒಂದು ಕುಮಾರ ಗಂಧರ್ವರದು. 1924ರಲ್ಲಿ ನಿಮ್ಮ ಸುಳೇಭಾವಿಯಲ್ಲೇ ಹುಟ್ಟಿದವರು, ನಿನ್ನ ಮನೆಯಲ್ಲಿ ಅವರು ಇರದಿದ್ದರೆ ಹೇಗೆ?

ಶ್ರಾವಣದಲ್ಲಿ ಬಾ, ಬಿಸಿಲು ತಗ್ಗಿರುತ್ತದೆ. ಎರಡು ದಿನ ಇರುವ ಹಾಗೆ ಬಾ. ಅವ್ವ ನಿನ್ನನ್ನು ಕೇಳುತ್ತಲೇ ಇರುತ್ತಾಳೆ, 47ನೇ ನಂಬರಿನದನ್ನು ನಿನಗೂ ಕೇಳಿಸಬೇಕಂತೆ. ತಿರುಗಿ ಹೋಗುವಾಗ ನಸುಕಿನಲ್ಲೇ ಹೊರಡು. ದಾರಿಯಲ್ಲಿ ಯರಗಟ್ಟಿಯಲ್ಲಿ ಚಹಾಕ್ಕೆ ಇಳಿದರೆ ತಟ್ಟೆಗಳನ್ನು ಕಾರಿನಲ್ಲಿ ಬಿಡಬೇಡ, ಜೊತೆಗೆ ಒಳಗೆ ತಗೊಂಡು ಹೋಗಿ ಪಕ್ಕದ ಕುರ್ಚಿಯ ಮೇಲೆ ಇಟ್ಟುಕೋ.

ನಿನ್ನ,
ಬಾಗಲಕೋಟೆಯ ಗೆಳೆಯ